ಬೋರಲಿಂಗನ ಮೂರಡಿ ಟ್ರಾಕ್ಟರು

ರೇಷ್ಮೆ ಹುಳ ಪೊರೆ ಬಿಡೋಕೆ ಮೂರನೇ ಜ್ವರಕ್ಕೆ ಕೂತವೆ. ತಲೆ ಎತ್ಕೊಂಡು ಅಲ್ಲಾಡದೆ ಕೂತವೆ, ಇನ್ನು ನಾಳೆವರೆಗೂ ಒಂದೆಲೆ ಸೊಪ್ಪು ಹಾಕಂಗಿಲ್ಲ. ನಮಗೂ ಕೈ ಖಾಲಿ. ಅದಕ್ಕೇ ಹೇಳ್ತೀನಿ, ಕೂತ್ಕೊಳ್ಳಿ. ಯಾರಾದ್ರೂ ಒಬ್ಬರು ಹೂಂಗುಟ್ಟಬೇಕು. ಆಕಳಿಸಿದ್ರೆ ಎದ್ದು ಹೋಯ್ತೀನಿ, ಮೊದಲೇ ಹೇಳಿದೀನಿ. ನಗು ಬಂದ್ರೆ ನಗಿ, ನಾನೇನು ಬೇಡ ಅನ್ನಲ್ಲ. ಆದ್ರೆ ಕೊನೇಲಿ ‘ಹಿಂಗ್ಯಾಕೆ ಹೇಳ್ದೆ ಅಜ್ಜಿ’ ಅಂತ ನನ್ನ ಮೇಲೆ ಬರಬೇಡಿ. ಆದದ್ದು ಹಂಗೆ, ಹೇಳೋದೂ ಹಂಗೆ.

ಒಂದೂರು. ಆ ಊರಲ್ಲಿ ಹೊಂಬಾಳಮ್ಮ ಅಂತ ಒಬ್ಬ ತಾಯಿ. ಗಂಡ ಸತ್ತು ಬಹಳ ಕಾಲವಾಗಿತ್ತು. ಇದ್ದೋನು ಒಬ್ಬನೇ ಮಗ, ಬೋರಲಿಂಗ. ಮೂವತ್ತು ವರ್ಷದ ಆಳು. ಎರಡು ಮೂಟೆ ಒಟ್ಟಿಗೆ ಹೊರೋನು. ತಲೇಲಿ ಮಾತ್ರ ಏನೂ ಇಲ್ಲ! ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. ‘ಒಲೆ ಮುಂದಿಂದ ಏಳಬೇಡ’ ಅಂದ್ರೆ ಏಳ್ತಿರಲಿಲ್ಲ. ಸಾರು ಸೀದು, ಪಾತ್ರೆ ತಳ ಕೆಂಪಗಾಗಿ, ಮನೆಯೆಲ್ಲಾ ಹೊಗೆ ತುಂಬಿದ್ರೂ ಕೆಮ್ಮಿಕೊಂಡು ಅಲ್ಲೇ ಕೂತಿರೋನು.

ಅವರದ್ದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ನಾಲ್ಕಡಿಗೊಂದು ಸಾಲು. ಸಾಲಿನ ನಡುವೆ ಕಳೆ ಬಂತು ಅಂದ್ರೆ ಸೊಪ್ಪಿಲ್ಲ, ಸೊಪ್ಪಿಲ್ಲ ಅಂದ್ರೆ ಹುಳ ಇಲ್ಲ, ಹುಳ ಇಲ್ಲ ಅಂದ್ರೆ ಮುದ್ದೆ ಇಲ್ಲ. ಇಷ್ಟು ದಿನ ಹೊಂಬಾಳಮ್ಮನೇ ಗುದ್ದಲಿ ಹಿಡಿದು ಅಗೀತಿದ್ದಳು. ಈಗ ಅವಳ ಕೈಲಿ ಆಗ್ತಿರಲಿಲ್ಲ. ಹೊಟ್ಟೇಲಿ ಏನೋ ನೋವು. ಬಗ್ಗಿದ್ರೆ ಏಳಕ್ಕಾಗಲ್ಲ, ಎದ್ರೆ ಬಗ್ಗಕ್ಕಾಗಲ್ಲ.

ಅವಳ ಮೈದುನ ಪುಟ್ಟಚನ್ನ ದಿನಾ ಬಂದು ಜಗಲಿ ಮೇಲೆ ಕೂರೋನು.

‘ಅತ್ತಿಗೆ, ತೋಟ ನನಗೆ ಬಿಡಿ. ನಿಮ್ಮ ಹಿಂದೆ ಇವನಿಗೆ ನಾನೇ ಹಿಟ್ಟು ಹಾಕ್ತೀನಿ.’

ಪುಟ್ಟಚನ್ನ ಅವನ ಮನೆ ನಾಯಿಗೆ ಹೆಂಗೆ ಹಿಟ್ಟು ಹಾಕ್ತಾನೆ ಅಂತ ಹೊಂಬಾಳಮ್ಮ ನೋಡಿದ್ದಳು. ‘ಆಗಲಪ್ಪ, ನೋಡನ’ ಅಂದು ಕಳಿಸೋಳು. ಅವನು ಅತ್ತ ಹೋದ ಮೇಲೆ ಇತ್ತ ಮಗನ ಮುಖ ನೋಡ್ತಾ ಕೂರೋಳು. ನಾನು ಸತ್ತ ಮೇಲೆ ಈ ಪೆದ್ದು ಮುಂಡೇದು ಯಾರ ಬಾಗಿಲಲ್ಲಿ ನಿಂತ್ಕೊಳ್ಳುತ್ತೆ? ಅವಳಿಗೆ ಇದ್ದದ್ದು ಇದೊಂದೇ ಚಿಂತೆ.

ಯೋಚನೆ ಮಾಡಿ ಮಾಡಿ ಒಂದು ದಾರಿ ಕಂಡಳು. ಚಿಕ್ಕದೊಂದು ಟ್ರಾಕ್ಟರು! ದೊಡ್ಡ ಟ್ರಾಕ್ಟರು ತೋಟದೊಳಗೆ ಬಂದ್ರೆ ಗಿಡ ಮುರೀತದೆ, ನೆಲ ಅದುಮಿ ಕಲ್ಲು ಮಾಡ್ತದೆ. ಚಿಕ್ಕದಾದ್ರೆ ಸಾಲಿನ ನಡುವೆ ಗಿಡಕ್ಕೆ ತಾಗದಂಗೆ ಹೋಗ್ತದೆ. ಅದೊಂದಿದ್ರೆ ಮಗ ತನ್ನ ತೋಟ ಉಳ್ತಾನೆ, ನಾಲ್ಕು ಜನರ ತೋಟ ಉಳ್ತಾನೆ, ಯಾರ ಹಂಗೂ ಇಲ್ಲದೆ ಉಣ್ತಾನೆ. ಕಿವಿ ಓಲೆ, ಕತ್ತಿನ ಸರ ಮಾರಿ ದುಡ್ಡು ಇಟ್ಟಿದ್ದಳು. ಇನ್ನು ಆರಿಸೋದೊಂದು ಬಾಕಿ.

‘ಲೋ ಬೋರಲಿಂಗ, ನಾನು ಉಸಿರಾಡ್ತಿರುವಾಗಲೇ ನೀನೇ ಆರಿಸೋದು ಕಲೀಬೇಕು ಕಣ್ಲಾ. ಹಗ್ಗ ತಗೊಂಡು ಸಾಲು ಅಳ್ಕೊ. ಪೇಟೇಲಿ ಟ್ರಾಕ್ಟರ್ ಅಂಗಡಿಗೆ ಹೋಗು. ಆ ಹಗ್ಗದೊಳಗೆ ಹಿಡಿಯೋ ಟ್ರಾಕ್ಟರು ಯಾವುದು ಅಂತ ನೋಡ್ಕೊಂಡು ಬಾ.’

‘ಹೂಂ ಕಣವ್ವ!’

ಹೋದ. ಹಗ್ಗ ತಗೊಂಡ. ಸಾಲು ಅಳೆದ. ಹೆಂಗೆ ಅಳೆದ ಅಂತೀರಿ? ಈ ತುದಿಯಿಂದ ಆ ತುದಿಗೆ! ಉದ್ದಕ್ಕೆ! ಹಗ್ಗ ಸಾಲಲಿಲ್ಲ. ಬಾವಿ ಹಗ್ಗ ಬಿಚ್ಚಿ ಗಂಟು ಹಾಕಿದ. ಸಾಲಲಿಲ್ಲ. ಬಟ್ಟೆ ಒಣಗಾಕೋ ಹಗ್ಗ ಬಿಚ್ಚಿದ. ಸಾಲಲಿಲ್ಲ. ಮೇಕೆ ಕಟ್ಟಿದ್ದ ಹಗ್ಗ ಬಿಚ್ಚಿದ. ಇನ್ನೊಂದು ಮೊಳ ಬೇಕಿತ್ತು, ಸೊಂಟದ ಉಡಿದಾರ ಬಿಚ್ಚಿ ಗಂಟು ಹಾಕಿದ. ಒಂದು ಕೈಲಿ ಚಡ್ಡಿ, ಇನ್ನೊಂದು ಕೈಲಿ ಹಗ್ಗದ ಹೊರೆ ಹಿಡ್ಕೊಂಡು ಪೇಟೆಗೆ ಹೋದ.

ಅಂಗಡೀಲಿ ಸೇಲ್ಸಿನ ಹುಡುಗರಿಗೆ ಅವತ್ತು ಬೇರೆ ಕೆಲಸ ಇರಲಿಲ್ಲ. ಹಗ್ಗ ಬಿಚ್ಚಿಸಿ ಅಂಗಳದ ತುಂಬಾ ಹಾಸಿದರು. ಚಿಕ್ಕದು ದೊಡ್ಡದು ಸೇರಿ ಇದ್ದ ಎಂಟು ಟ್ರಾಕ್ಟರನ್ನೂ ಹಗ್ಗದುದ್ದಕ್ಕೆ ಸಾಲಾಗಿ ನಿಲ್ಲಿಸಿ ತೋರಿಸಿದರು. ಬೋರಲಿಂಗ ಓಡ್ಕೊಂಡು ಮನೆಗೆ ಬಂದ.

‘ಅವ್ವೋ! ಎಂಟೂ ಹಿಡಿದ್ವು! ಇನ್ನೂ ಎರಡಕ್ಕೆ ಜಾಗ ಐತೆ!’

‘ಮೇಕೆ ಎಲ್ಲೋ?’

‘ಹಗ್ಗ ಬಿಚ್ಚಿದ್ನಲ್ಲಾ, ಹೋಯ್ತು.’

ಆ ಮೇಕೆ ಹೋದದ್ದು ಹೋಯ್ತು. ಎರಡು ದಿನ ಬಿಟ್ಟು ಕೆರೆ ಹಿಂದೆ ಅದರ ಚರ್ಮ ಸಿಕ್ತು, ನಾಯಿಗಳು ಬಿಟ್ಟಷ್ಟು.

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. ‘ಥೂ ನಿನ್ನ! ಉದ್ದ ಯಾರಿಗೆ ಬೇಕೋ? ಅಡ್ಡ ಅಳೀಬೇಕು ಕಣ್ಲಾ, ಅಡ್ಡ! ಸಾಲು ನಾಲ್ಕಡಿ, ಟ್ರಾಕ್ಟರು ಮೂರಡಿ ಮೀರಬಾರದು. ಇಕೋ, ಮೂರಡಿ ಹಗ್ಗ ನಾನೇ ಕತ್ತರಿಸಿ ಕೊಡ್ತೀನಿ. ನಾಳೆ ಎಲ್ಲಿಗೆ ಹೋದ್ರೂ ಸರಿ, ಮೊದಲು ಹಗ್ಗ ಹಿಡಿದು ಅಡ್ಡ ಅಳಿ. ಜಾಸ್ತಿ ಆದ್ರೆ ‘ಇದು ಹಿಡಿಯಲ್ಲ, ಚಿಕ್ಕದು ತನ್ನಿ’ ಅನ್ನು. ತಿಳೀತಾ?’

‘ತಿಳೀತು ಕಣವ್ವ!’

ಮಾರನೆ ದಿನ ಬೆಳಿಗ್ಗೆ ಹೊರಡಬೇಕು, ಸುದ್ದಿ ಬಂತು. ಪಕ್ಕದೂರಿನ ಗಿರಿಗೌಡ ಹೋಗಿಬಿಟ್ಟ ಅಂತ. ಒಳ್ಳೆ ಆಳು, ಹೊಂಬಾಳಮ್ಮನ ಗಂಡನಿಗೆ ಬೇಕಾದೋನು.

‘ನನ್ನ ಕೈಲಿ ನಡೆಯಕ್ಕಾಗಲ್ಲ. ನೀನೇ ಹೋಗಿ ಒಂದು ಹಿಡಿ ಮಣ್ಣು ಹಾಕು. ಆಮೇಲೆ ಹಂಗೇ ಅಂಗಡಿಗೆ ಹೋಗು’ ಅಂದಳು.

ಹೋದ. ಗಿರಿಗೌಡನ ಹೊಲದಲ್ಲಿ ಗುಂಡಿ ತೋಡಿದ್ದರು. ಹೆಣ ತಂದು ಗುಂಡಿ ಪಕ್ಕ ಇಟ್ಟಿದ್ದರು. ಗಿರಿಗೌಡನ ಹೆಂಡತಿ ದುಂಡಮ್ಮ ಎದೆ ಎದೆ ಬಡ್ಕೊಂಡು ಅಳ್ತಿದ್ದಳು. ಬೋರಲಿಂಗ ಜನರನ್ನ ಸರಿಸಿಕೊಂಡು ಮುಂದೆ ಬಂದ. ಜೇಬಿಂದ ಹಗ್ಗ ತೆಗೆದ. ಗುಂಡಿ ಅಡ್ಡ ಅಳೆದ. ಹೆಣದ ಭುಜಕ್ಕೆ ಹಗ್ಗ ಹಿಡಿದ, ಈ ಭುಜದಿಂದ ಆ ಭುಜಕ್ಕೆ. ಎದ್ದು ನಿಂತು ಎಲ್ಲರಿಗೂ ಕೇಳೋ ಹಂಗೆ ಕೂಗಿದ.

‘ಇದು ಹಿಡಿಯಲ್ಲ! ಚಿಕ್ಕದು ತನ್ನಿ!’

ನಗ್ತೀರಾ? ನಗಿ ನಗಿ. ಅಲ್ಲಿ ಯಾರೂ ನಗಲಿಲ್ಲ. ನಾಲ್ಕು ಜನ ಹಿಡ್ಕೊಂಡು ಮೂಗಲ್ಲಿ ರಕ್ತ ಬರೋ ಹಂಗೆ ಹೊಡೆದು ಓಡಿಸಿದರು.

‘ಅಯ್ಯೋ ನನ್ನ ಕರ್ಮವೇ!’ ಅಂದಳು ಹೊಂಬಾಳಮ್ಮ, ಸೆರಗಲ್ಲಿ ಮಗನ ಮೂಗು ಒರೆಸ್ತಾ. ‘ಸಾವಿನ ಮನೇಲಿ ಯಾರಾದ್ರೂ ಅಳತೆ ತೆಗೀತಾರೇನೋ? ಹೂವಿನ ಹಾರ ಹಾಕಿ, ಜನ ಸುತ್ತ ನಿಂತವ್ರೆ ಅಂದ್ರೆ ಅಷ್ಟೂ ಗೊತ್ತಾಗಬಾರದೇ? ಅಂಥ ಕಡೆ ಕೈ ಮುಗೀಬೇಕು. ಕಣ್ಣೀರು ಹಾಕ್ಬೇಕು. ‘ಎಂಥಾ ಜೀವ, ಇಷ್ಟು ಬೇಗ ಹೋಗಿಬಿಡ್ತಲ್ಲಾ’ ಅನ್ಬೇಕು. ಗೊತ್ತಾಯ್ತಾ?’

‘ಗೊತ್ತಾಯ್ತು ಕಣವ್ವ!’

ಮೂಗಿನ ಊತ ಇಳಿದ ಮೇಲೆ ಅಂಗಡಿಗೆ ಹೋದ. ಅವತ್ತು ಯಾರೋ ಹೊಸ ಟ್ರಾಕ್ಟರು ತಗೊಂಡಿದ್ದರು. ಗಂಡ, ಹೆಂಡತಿ, ಮಕ್ಕಳು, ಅತ್ತೆ, ಮಾವ, ಮನೆ ಮಂದಿಯೆಲ್ಲಾ ಬಂದಿದ್ದರು. ಟ್ರಾಕ್ಟರಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಇನ್ನೇನು ಹತ್ತಬೇಕು.

ಬೋರಲಿಂಗ ನೋಡಿದ. ಹಾರ ಐತೆ. ಜನ ಸುತ್ತ ನಿಂತವ್ರೆ. ಸೀದಾ ಹೋಗಿ ಟ್ರಾಕ್ಟರಿನ ಮುಂದೆ ಕೈ ಮುಗಿದು, ಗೊಳೋ ಅಂತ ಅತ್ತ.

‘ಎಂಥಾ ಜೀವ! ಇಷ್ಟು ಬೇಗ ಹೋಗಿಬಿಡ್ತಲ್ಲಾ!’

ಹಾರೆ ತಗೊಂಡು ಬಂದ ಆ ಮನೆ ಯಜಮಾನ! ಮುದುಕಿ ಅತ್ತೆ ‘ಅಪಶಕುನ, ಅಪಶಕುನ, ಈ ಗಾಡಿ ನಮಗೆ ಬೇಡ’ ಅಂತ ರಸ್ತೆ ಮಧ್ಯೆ ಕೂತುಬಿಟ್ಟಳು. ಅಂಗಡಿಯೋರು ಬೋರಲಿಂಗನ ಕುತ್ತಿಗೆ ಹಿಡಿದು ಆಚೆ ನೂಕಿದರು. ‘ಇನ್ನೊಂದು ಸಲ ಈ ಕಡೆ ಕಾಲಿಟ್ರೆ ಕಾಲು ಮುರೀತೀವಿ’ ಅಂದರು. ಪೇಟೇಲಿ ಇದ್ದದ್ದು ಅದೊಂದೇ ಅಂಗಡಿ. ಅದೂ ಮುಚ್ಚಿದಂಗಾಯ್ತು.

‘ಮಂಕು ಮುಂಡೇದೇ!’ ಅಂದಳು ತಾಯಿ. ಗದರಿಸೋಕೂ ಅವಳಲ್ಲಿ ಉಸಿರು ಸಾಲ್ತಿರಲಿಲ್ಲ. ‘ಅದು ಸಂತೋಷದ ಹಾರ ಕಣೋ! ಯಾರಿಗಾದ್ರೂ ಹೊಸದೇನಾದ್ರೂ ಬಂತು ಅಂದ್ರೆ ಚಪ್ಪಾಳೆ ತಟ್ಟಬೇಕು. ‘ನೂರು ವರ್ಷ ಬಾಳ್ಲಿ, ಇಂಥವು ಇನ್ನೂ ಹತ್ತು ಬರ್ಲಿ’ ಅನ್ಬೇಕು. ಅನ್ತೀಯಾ?’

‘ಅನ್ತೀನಿ ಕಣವ್ವ!’

ಅದಾಗಿ ಒಂದು ವಾರಕ್ಕೆ ಹೊಂಬಾಳಮ್ಮನಿಗೆ ನೋವು ತಡೆಯಕ್ಕಾಗದಂಗಾಯ್ತು. ಮಗನ ಭುಜ ಹಿಡ್ಕೊಂಡು ದೊಡ್ಡಾಸ್ಪತ್ರೆಗೆ ಹೋದಳು. ಅದೆಂಥದ್ದೋ ಯಂತ್ರ ಹೊಟ್ಟೆ ಮೇಲೆ ಉಜ್ಜಿ ನೋಡಿದರು. ಡಾಕ್ಟ್ರಮ್ಮ ಇಬ್ಬರನ್ನೂ ಕೂರಿಸಿಕೊಂಡಳು. ಮೆಲ್ಲಗೆ ಮಾತಾಡೋ ಹೆಣ್ಣು ಮಗಳು, ಪಾಪ.

‘ಅಮ್ಮ, ಧೈರ್ಯ ತಗೋಬೇಕು. ಹೊಟ್ಟೇಲಿ ಮೊದಲೇ ಒಂದು ಗೆಡ್ಡೆ ಇತ್ತು. ಈಗ ಪಿತ್ತಕೋಶದಲ್ಲಿ ಹೊಸದಾಗಿ ಇನ್ನೊಂದು ಬಂದಿದೆ.’

ಬೋರಲಿಂಗ ಎದ್ದು ನಿಂತ. ಚಟಪಟ ಚಟಪಟ ಚಪ್ಪಾಳೆ ತಟ್ಟಿದ.

‘ನೂರು ವರ್ಷ ಬಾಳ್ಲಿ! ಇಂಥವು ಇನ್ನೂ ಹತ್ತು ಬರ್ಲಿ!’

ಡಾಕ್ಟ್ರಮ್ಮನ ಬಾಯಿ ತೆರೆದದ್ದು ಹಂಗೇ ಇತ್ತು. ಬಾಗಿಲಲ್ಲಿ ನಿಂತಿದ್ದ ನರ್ಸು ಮುಖ ತಿರುಗಿಸಿಕೊಂಡಳು. ಹೊಂಬಾಳಮ್ಮ ಏನು ಮಾಡಿದಳು ಗೊತ್ತಾ? ನಕ್ಕಳು. ಹೊಟ್ಟೆ ಹಿಡ್ಕೊಂಡು, ನೋವಿಗೆ ಕಣ್ಣಲ್ಲಿ ನೀರು ಸುರಿಸಿಕೊಂಡು, ನಕ್ಕಳು. ಎಷ್ಟೋ ವರ್ಷದಿಂದ ನಗದೋಳು ಅವತ್ತು ನಕ್ಕಳು. ಬಸ್‌ಸ್ಟಾಂಡಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಬೈದಳು.

‘ಇನ್ನು ಬಾಯಿ ಬಿಡಬೇಡ ಕಣೋ! ಬಿಟ್ಟಷ್ಟೂ ಹೊಲಸು. ನಾನು ಮಾತಾಡು ಅನ್ನೋವರೆಗೂ ತೆಪ್ಪಗಿರು. ಒಂದು ಮಾತೂ ಆಡಬೇಡ. ಆಡಿದ್ರೆ ನನ್ನಾಣೆ!’

ಬೋರಲಿಂಗ ತಲೆ ಆಡಿಸಿದ. ಹೂಂ ಅಂತಲೂ ಅನ್ನಲಿಲ್ಲ.

ಡಾಕ್ಟ್ರಮ್ಮ ಇನ್ನು ಎಷ್ಟು ದಿನ ಅಂತ ಹೇಳಿದ್ದಳೋ, ಹೊಂಬಾಳಮ್ಮ ಯಾರಿಗೂ ಹೇಳಲಿಲ್ಲ. ಮನೆಗೆ ಬಂದು ಒಂದೇ ಮಾತು ಯೋಚನೆ ಮಾಡಿದಳು. ಅಂಗಡಿ ಬಾಗಿಲು ಮುಚ್ಚಿತು. ಆದ್ರೆ ಸತ್ತ ಗಿರಿಗೌಡ ಒಂದು ಚಿಕ್ಕ ಟ್ರಾಕ್ಟರು ಇಟ್ಟಿದ್ದ. ಅವರದೂ ಸೊಪ್ಪಿನ ತೋಟ, ಅವರದೂ ನಾಲ್ಕಡಿ ಸಾಲು. ದುಂಡಮ್ಮ ಅದನ್ನ ಮಾರ್ತಾಳಂತೆ. ಹೋಗಿ ಕೇಳಬೇಕು. ಯಾವ ಮುಖ ಇಟ್ಕೊಂಡು ಕೇಳೋದು? ಕೇಳಲೇಬೇಕು. ಕೋಲು ಊರಿಕೊಂಡು, ಮಗನ್ನ ಹಿಂದಿಟ್ಟುಕೊಂಡು ಹೊರಟಳು.

ಅರ್ಧ ದಾರೀಲಿ ಕಣ್ಣು ಕತ್ತಲೆ ಬಂದು ಬಿದ್ದಳು. ಹೊಂಗೆ ಮರದ ಕೆಳಗೆ, ಧೂಳಲ್ಲಿ, ಪ್ರಜ್ಞೆ ಇಲ್ಲ. ಬೋರಲಿಂಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸೈಕಲ್ಲೋನು ಒಬ್ಬ ಬಂದ.

‘ಏನಾಯ್ತಪ್ಪ ನಿಮ್ಮವ್ವಂಗೆ?’

ಬೋರಲಿಂಗ ಮಾತಾಡಲಿಲ್ಲ.

ಹುಲ್ಲಿನ ಹೊರೆ ಹೊತ್ತ ಹೆಂಗಸರು ಬಂದರು. ‘ನೀರು ಬೇಕೇನೋ? ಆಟೋ ಕರೀಬೇಕೇನೋ?’

ಬೋರಲಿಂಗ ಮಾತಾಡಲಿಲ್ಲ. ಕಣ್ಣಲ್ಲಿ ನೀರು ಬಳಬಳ ಸುರೀತಿತ್ತು, ಬಾಯಿ ಮಾತ್ರ ಬಿಗಿ ಹಿಡ್ಕೊಂಡಿದ್ದ. ಕುಡುಕಿ ತಾಯಿ, ಕುಡುಕ ಮಗ ಅಂತ ತಿಳ್ಕೊಂಡು ಅವರೂ ಹೋದರು. ಎಷ್ಟೋ ಹೊತ್ತಾದ ಮೇಲೆ ಹೊಂಬಾಳಮ್ಮ ತಾನಾಗೇ ಕಣ್ಣು ಬಿಟ್ಟಳು.

‘ಯಾರನ್ನಾದ್ರೂ ಕೂಗಬಾರದೇನೋ?’

ಮಾತಿಲ್ಲ.

‘ಮಾತಾಡೋ ಪಾಪಿ!’

‘ಈಗ ಮಾತಾಡು ಅಂದ್ಯಲ್ಲಾ, ಮಾತಾಡ್ತೀನಿ. ಆಗ ನಿನ್ನಾಣೆ ಇತ್ತಲ್ಲವ್ವಾ!’ ಅಂದ. ಅಂದು, ಚಿಕ್ಕ ಮಗುವಿನ ಹಂಗೆ ಅತ್ತ.

ಏನು ಬೈಯೋದು ಹೇಳಿ? ಅವನ ಭುಜ ಹಿಡ್ಕೊಂಡು ಎದ್ದಳು, ನಡೆದಳು.

ದುಂಡಮ್ಮ ಬಾಗಿಲಲ್ಲೇ ನಿಲ್ಲಿಸಿದಳು. ‘ನಿನ್ನ ಮಗ ನನ್ನ ಗಂಡನ ಹೆಣಕ್ಕೆ ಹಗ್ಗ ಹಿಡಿದೋನು. ಅವನ್ನ ಕರ್ಕೊಂಡು ನನ್ನ ಮನೆಗೆ ಬಂದ್ಯಾ?’

‘ತಪ್ಪಾಯ್ತು ತಾಯಿ. ಅವನ ಪರವಾಗಿ ನಾನು ಕಾಲಿಗೆ ಬೀಳ್ತೀನಿ’ ಅಂತ ಹೊಂಬಾಳಮ್ಮ ಬಗ್ಗೋಕೆ ಹೋದಳು. ಬಗ್ಗಕ್ಕಾಗಲಿಲ್ಲ. ಗೋಡೆ ಹಿಡ್ಕೊಂಡು ನಿಂತಳು. ದುಂಡಮ್ಮ ಅವಳ ಮುಖ ನೋಡಿದಳು, ಹಳದಿಗಟ್ಟಿದ ಕಣ್ಣು ನೋಡಿದಳು. ಅವಳಿಗೆ ತಿಳೀತು. ಒಂದು ವರ್ಷ ಗಂಡನ ಹಾಸಿಗೆ ಪಕ್ಕ ಕೂತಿದ್ದೋಳು, ತಿಳಿಯದೆ ಇರ್ತದಾ?

‘ಒಳಗೆ ಬಾ, ಕೂತ್ಕೊ’ ಅಂದಳು. ನೀರು ಕೊಟ್ಟಳು. ಆಮೇಲೆ ಮೆಲ್ಲಗೆ ಅಂದಳು. ‘ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ಇವನನ್ನ ಹೊಡೆದು ಓಡಿಸಿದ ಮೇಲೆ ಗುಂಡಿಗೆ ಇಳಿಸಿದ್ರು ನೋಡು, ಹೆಣ ಹಿಡೀಲೇ ಇಲ್ಲ. ಮತ್ತೆ ಮೇಲೆತ್ತಿ, ಗುಂಡಿ ಅಗಲ ಮಾಡಿದ್ರು. ಇವನು ಹೇಳಿದ್ದೇ ಸರಿ ಇತ್ತು.’

ಹೊಂಬಾಳಮ್ಮ ಟ್ರಾಕ್ಟರು ನೋಡಿದಳು. ಅವಳೇ ಹಗ್ಗ ಹಿಡಿದು ಅಡ್ಡ ಅಳೆದಳು. ಮೂರಡಿ, ಒಂದು ಬೆರಳೂ ಹೆಚ್ಚಿಲ್ಲ. ಟೈರು ಒತ್ತಿ ನೋಡಿದಳು. ಹಿಂದೆ ಮಣ್ಣು ಕೆದಕೋ ರೋಟವೇಟರು ಎತ್ತಿಸಿ, ಇಳಿಸಿ ನೋಡಿದಳು. ‘ಸಾಲಿನ ಕೊನೇಲಿ ಗಿಡ ಮುರೀದೆ ತಿರುಗ್ತದಾ?’ ಅಂತ ಕೇಳಿದಳು. ‘ಕೆಟ್ರೆ ರಿಪೇರಿ ಮಾಡೋನು ಹತ್ತಿರದಲ್ಲಿ ಇದಾನಾ?’ ಅಂತ ಕೇಳಿದಳು. ‘ಸೀಟು ಕೆಳಗೈತಾ, ಇವನು ಬಿದ್ದು ಸಾಯಲ್ಲ ತಾನೇ?’ ಅಂತ ಕೇಳಿದಳು. ಎಲ್ಲಕ್ಕೂ ದುಂಡಮ್ಮ ಹೂಂ ಅಂದಳು. ಅಷ್ಟು ಚೆನ್ನಾಗಿ ಆರಿಸೋಳು ಮೊದಲೇ ಎರಡು ಕಾಲು ಗಟ್ಟಿ ಇದ್ದಾಗ ಹೋಗಿದ್ರೆ ಏನಾಗ್ತಿತ್ತೋ ಅಂತೀರಿ. ನಾನೂ ಅದನ್ನೇ ಅಂತೀನಿ. ಆದ್ರೆ ಮಗ ಕಲೀಲಿ ಅನ್ನೋ ಆಸೆ ಅವಳಿಗೆ, ಏನು ಮಾಡೋದು?

ಓಲೆ, ಸರ ಮಾರಿದ ದುಡ್ಡು ಕೊಟ್ಟಳು, ಟ್ರಾಕ್ಟರು ಮನೆಗೆ ಬಂತು. ಗಂಡ ಹಾಸಿಗೆ ಹಿಡಿದಿದ್ದಾಗ ದುಂಡಮ್ಮನೇ ಅದನ್ನ ಓಡಿಸ್ತಿದ್ದಳು. ಅವಳೇ ನಾಲ್ಕು ದಿನ ಬಂದು ಬೋರಲಿಂಗನಿಗೆ ಕಲಿಸಿದಳು. ಇದು ಕ್ಲಚ್ಚು, ಒತ್ತು. ಒತ್ತಿದ. ಇದು ಬ್ರೇಕು, ತುಳಿ. ತುಳಿದ. ಸಾಲು ಬಿಟ್ಟು ಅಲ್ಲಾಡಬೇಡ. ಅಲ್ಲಾಡಲಿಲ್ಲ! ನೋಡ್ರಪ್ಪ, ಬುದ್ಧಿ ಇದ್ದೋರು ಅಲ್ಲಿ ಇಲ್ಲಿ ನೋಡಿ ಗಿಡಕ್ಕೆ ತಾಗಿಸ್ತಾರೆ. ಇವನು ತಾಗಿಸಲಿಲ್ಲ. ದಾರ ಕಟ್ಟಿ ಎಳೆದಂಗೆ ಹೋದ.

ಹೊಂಬಾಳಮ್ಮ ಸಾಲಿನ ಕೊನೇಲಿ ಕಲ್ಲಿನ ಮೇಲೆ ಕೂತಳು. ‘ನಾನು ತಿರುಗಿಸು ಅನ್ನೋವರೆಗೂ ನೇರ ಬಾ’ ಅಂದಳು. ಅವನು ಬರೋನು. ‘ತಿರುಗಿಸು!’ ಅನ್ನೋಳು. ತಿರುಗಿಸೋನು. ಮತ್ತೆ ಬರೋನು. ‘ತಿರುಗಿಸು!’ ಮತ್ತೆ ತಿರುಗಿಸೋನು. ಬಿಸಿಲಲ್ಲಿ ತಲೆ ಮೇಲೆ ಸೆರಗು ಹಾಕ್ಕೊಂಡು, ಹೊಟ್ಟೆ ಅದುಮಿ ಹಿಡ್ಕೊಂಡು, ‘ತಿರುಗಿಸು, ತಿರುಗಿಸು’ ಅಂತ ದಿನಾ ಕೂಗೋಳು.

ಮೂರನೇ ದಿನ ಕೆಮ್ಮು ಬಂತು. ಅವನು ಸಾಲಿನ ಕೊನೆಗೆ ಬಂದ, ಇವಳಿಗೆ ಕೆಮ್ಮು ನಿಲ್ಲಲಿಲ್ಲ. ಮಾತು ಹೊರಡಲಿಲ್ಲ. ಬೋರಲಿಂಗ ನೇರ ಹೋದ! ಬೇಲಿ ಮುರಿದು ಹೋದ. ಪುಟ್ಟಚನ್ನನ ರಾಗಿ ಹೊಲದ ಮಧ್ಯೆ ಹೋದ. ರಸ್ತೆ ದಾಟಿದ, ಗೋಮಾಳ ದಾಟಿದ, ಎರಡು ಊರು ದಾಟಿ ಡೀಸೆಲ್ ಮುಗಿದ ಕಡೆ ನಿಂತ. ಜನ ಹೋಗಿ ಕೇಳಿದರು.

‘ಯಾಕೋ ಇಲ್ಲಿವರೆಗೂ ಬಂದೆ?’

‘ಅವ್ವ ತಿರುಗಿಸು ಅನ್ನಲಿಲ್ಲ.’

ಎಂಟು ಜನ ನೂಕಿಕೊಂಡು ಬಂದರು. ಹೊಂಬಾಳಮ್ಮ ಅವತ್ತು ಬೈದ ಬೈಗುಳ ಕೇಳಬೇಕಿತ್ತು! ‘ನಾನು ಯಾವಾಗಲೂ ಇಲ್ಲೇ ಕೂತಿರ್ತೀನೇನೋ? ಗಿಡ ಮುಗೀತಾ, ತಿರುಗಿಸು! ನಾನು ಇರ್ಲಿ, ಇಲ್ಲದೆ ಹೋಗ್ಲಿ, ಸತ್ತೇ ಹೋಗಿರ್ಲಿ, ಗಿಡ ಮುಗಿದ ಕೂಡಲೇ ತಿರುಗಿಸು!’

ಈ ಒಂದು ಮಾತು ಅವನಿಗೆ ಸರಿಯಾಗಿ ಹತ್ತಿತು. ಮಾರನೆ ದಿನದಿಂದ ತಾನೇ ತಿರುಗಿಸಿದ. ಒಂದೂವರೆ ಎಕರೆ ಒಂದೇ ದಿನಕ್ಕೆ ಮುಗಿಸಿದ. ಒಂದು ಗಿಡ ಮುರೀಲಿಲ್ಲ. ಪಕ್ಕದ ತೋಟದೋರು ಕರೆದರು, ಹೋಗಿ ಉತ್ತ. ಅವರು ರಾಗಿ ಕೊಟ್ಟರು. ಇನ್ನೊಬ್ಬರು ಕರೆದರು. ತಿಂಗಳೊಳಗೆ ಮನೇಲಿ ಎರಡು ಚೀಲ ರಾಗಿ ಕೂತಿತ್ತು. ‘ಬೋರಲಿಂಗನ ಕರೀರಿ, ಅವನ ಕೈಲಿ ಗಿಡಕ್ಕೆ ಏಟು ಬೀಳಲ್ಲ’ ಅಂತ ಸುತ್ತಮುತ್ತ ಮಾತಾಯ್ತು. ಪುಟ್ಟಚನ್ನ ಜಗಲಿ ಮೇಲೆ ಕೂರೋದು ಬಿಟ್ಟ. ಹೊಂಬಾಳಮ್ಮ ಹಾಸಿಗೆ ಹಿಡಿದಳು. ಹಿಡಿದ್ರೂ ಅವಳ ಮುಖದಲ್ಲಿ ಒಂದು ನೆಮ್ಮದಿ ಇತ್ತು, ನೋಡಿದೋರು ಹೇಳ್ತಾರೆ.

ಬೋರಲಿಂಗ ಅವಳಿಗೆ ಗಂಜಿ ಕುಡಿಸೋನು. ಬಿಸಿನೀರಲ್ಲಿ ಮೈ ಒರೆಸೋನು. ಕಂಬಳಿ ಹೊದಿಸೋನು. ಹೇಳಿಕೊಟ್ಟದ್ದನ್ನ ಒಂದೂ ತಪ್ಪಿಸ್ತಿರಲಿಲ್ಲ. ಆದ್ರೆ ಟ್ರಾಕ್ಟರು ಆಚೆ ಬಿಸಿಲಲ್ಲಿ, ಮಣ್ಣು ಮೆತ್ಕೊಂಡು, ಎಣ್ಣೆ ಇಲ್ಲದೆ ನಿಂತಿರೋದು, ಓಡಿಸಿದ್ರೆ ಕಿರಗುಟ್ಟೋದು. ಯಾರೂ ಹೇಳಿಲ್ಲ, ಇವನು ಮಾಡಿಲ್ಲ. ಆ ಸದ್ದು ಮಲಗಿದ್ದ ಹೊಂಬಾಳಮ್ಮನ ಕಿವಿಗೆ ಬಿತ್ತು.

‘ಅಯ್ಯೋ ಹುಚ್ಚಪ್ಪ! ಅದು ಕೆಟ್ರೆ ನಿನ್ನ ಹೊಟ್ಟೆಗೇನೋ ಗತಿ? ನಾನು ಹೋದ ಮೇಲೆ ಅದೇ ಕಣೋ ನಿನಗೆ ತಾಯಿ. ನನಗೆ ಏನು ಮಾಡ್ತೀಯೋ ಅದಕ್ಕೂ ಅದನ್ನೇ ಮಾಡು!’

‘ಹೂಂ ಕಣವ್ವ!’

ಹೋಗಿ ಟ್ರಾಕ್ಟರಿನ ಮೈ ತೊಳೆದ. ಒರೆಸಿದ. ಕಂಬಳಿ ಹೊದಿಸಿದ. ಡೀಸೆಲ್ ಟ್ಯಾಂಕಿನ ಮುಚ್ಚಳ ತೆಗೆದು ಒಂದು ಚೊಂಬು ರಾಗಿ ಗಂಜಿ ಹುಯ್ದ!

ರಿಪೇರಿಯೋನು ಬಂದು ಅದನ್ನ ತೊಳೆಯೋಕೆ ಒಂದು ದಿನ ಹಿಡೀತು. ಹೊಂಬಾಳಮ್ಮ ತಲೆ ಎತ್ತೋಕಾಗದೆ ಮಲಗಿದಲ್ಲೇ ಬೈದಳು. ಅದೇ ಕೊನೆ ಬೈಗುಳ.

‘ಗಂಜಿ ನನಗೆ ಕಣೋ, ಅದಕ್ಕೆ ಡೀಸೆಲ್ಲು! ಕುಡಿಯೋದೊಂದು ಬೇರೆ. ಮಿಕ್ಕಿದ್ದೆಲ್ಲಾ ಒಂದೇ. ನನಗೆ ಮಾಡಿದ್ದನ್ನ ಅದಕ್ಕೂ ಮಾಡು, ಒಂದೂ ಕಮ್ಮಿ ಮಾಡಬೇಡ. ಮಾಡ್ತೀಯಾ?’

‘ಮಾಡ್ತೀನಿ ಕಣವ್ವ!’

ಮಾಡಿದ. ದಿನಾ ಅವ್ವನಿಗೆ ಗಂಜಿ, ಅದಕ್ಕೆ ಡೀಸೆಲ್ಲು. ಅವ್ವನ ಕಾಲಿಗೆ ಎಣ್ಣೆ, ಅದಕ್ಕೂ ಎಣ್ಣೆ. ಅವ್ವನಿಗೆ ಕಂಬಳಿ, ಅದಕ್ಕೂ ಕಂಬಳಿ. ಟ್ರಾಕ್ಟರು ಹೊಸದರಂಗೆ ಹೊಳೀತಿತ್ತು. ಇಪ್ಪತ್ತು ದಿನ ಹಿಂಗೆ ನಡೀತು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಹೊಂಬಾಳಮ್ಮ ಗಂಜಿ ಕುಡೀಲಿಲ್ಲ.

ಜನ ಬಂದರು. ಮೈ ತೊಳೆಸಿದರು, ಹೊಸ ಸೀರೆ ಹೊದಿಸಿದರು, ಹಣೆಗೆ ಕಾಸು ಅಂಟಿಸಿದರು. ತೋಟದ ಮೂಲೇಲಿ, ಗಂಡನ ಪಕ್ಕ, ಗುಂಡಿ ತೆಗೆದು ಇಟ್ಟರು. ಬೋರಲಿಂಗ ಎಲ್ಲಾನೂ ನೋಡ್ತಾ ನಿಂತಿದ್ದ. ಒಂದೊಂದನ್ನೂ ಕಣ್ಣು ಮಿಟುಕಿಸದೆ ನೋಡ್ತಿದ್ದ. ಮಣ್ಣು ಮುಚ್ಚಿ ಜನ ಮನೆಗೆ ಹೋದರು, ಇವನು ಹೋಗಲಿಲ್ಲ. ಗುದ್ದಲಿ ತಗೊಂಡು ಪಕ್ಕದಲ್ಲೇ ಅಗೆಯೋಕೆ ಶುರು ಮಾಡಿದ.

‘ದುಃಖಕ್ಕೆ ಅಗೀತಾವ್ನೆ ಪಾಪ, ಅಗೀಲಿ ಬಿಡಿ, ಮೈ ದಣಿದ್ರೆ ಸುಮ್ಮನಾಗ್ತಾನೆ’ ಅಂದರು ಜನ. ಅವತ್ತೂ ಅಗೆದ, ಮಾರನೆ ದಿನವೂ ಅಗೆದ. ಎರಡು ಮೂಟೆ ಒಟ್ಟಿಗೆ ಹೊರೋ ಆಳು, ಅಗೆಯೋಕೆ ಏನು ಕಷ್ಟ?

ಮೂರನೇ ದಿನ ಹಾಲು ತುಪ್ಪ ಬಿಡೋಕೆ ಜನ ಬಂದರು. ಪುಟ್ಟಚನ್ನ ಬಂದ, ದುಂಡಮ್ಮ ಬಂದಳು. ನೋಡ್ತಾರೆ, ಹೊಂಬಾಳಮ್ಮನ ಗುಡ್ಡೆ ಪಕ್ಕ ಇನ್ನೊಂದು ಗುಡ್ಡೆ. ಕೋಣೆಯಷ್ಟು ದೊಡ್ಡದು. ಅದರ ಮೇಲೂ ಹೂವು, ಅದಕ್ಕೂ ಊದಿನಕಡ್ಡಿ. ಬೋರಲಿಂಗ ಮೈಯೆಲ್ಲಾ ಮಣ್ಣಾಗಿ ನಡುವೆ ಕೂತವನೆ. ಒಂದು ಕೈಲಿ ಹಾಲಿನ ಚೊಂಬು, ಇನ್ನೊಂದು ಕೈಲಿ ಡೀಸೆಲ್ ಚೊಂಬು.

‘ಟ್ರಾಕ್ಟರ್ ಎಲ್ಲೋ?’ ಅಂದ ಪುಟ್ಟಚನ್ನ.

ಬೋರಲಿಂಗ ಗುಡ್ಡೆ ತೋರಿಸಿದ. ‘ತೊಳೆದೆ. ಸೀರೆ ಹೊದಿಸಿದೆ. ಕಾಸು ಅಂಟಿಸಿದೆ. ಮಲಗಿಸಿ ಮಣ್ಣು ಹಾಕ್ದೆ. ಒಂದೂ ಕಮ್ಮಿ ಮಾಡಿಲ್ಲ ಚಿಕ್ಕಪ್ಪ!’

ದುಂಡಮ್ಮ ಬಾಯಿಗೆ ಸೆರಗು ಒತ್ಕೊಂಡಳು. ಪುಟ್ಟಚನ್ನ ಕೂಗಾಡಿದ. ‘ಗುದ್ದಲಿ ತನ್ರೋ! ಹಾರೆ ತನ್ರೋ! ಇನ್ನೂ ಎತ್ತಬಹುದು!’ ಆಳುಗಳು ಓಡಿ ಬಂದರು, ಗುದ್ದಲಿ ಎತ್ತಿದರು.

ಬೋರಲಿಂಗ ತಡೀಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವನ ಮುಖ ಅರಳಿತು.

‘ತೆಗೀತೀರಾ? ತೆಗೀರಿ, ತೆಗೀರಿ! ಮೊದಲು ಅವ್ವನ್ನ ತೆಗೀರಿ. ಅವಳಿಗೆ ಮಾಡಿದ್ದನ್ನೇ ಅದಕ್ಕೂ ಮಾಡಬೇಕಂತೆ. ಅವ್ವ ಎದ್ದ ಮೇಲೆ ಇದನ್ನ ತೆಗೀರಿ!’

ಎತ್ತಿದ ಗುದ್ದಲಿ ಒಂದೊಂದಾಗಿ ಕೆಳಗೆ ಇಳಿದ್ವು. ಯಾರೂ ಅಗೀಲಿಲ್ಲ. ಬೋರಲಿಂಗ ಒಬ್ಬೊಬ್ಬರ ಮುಖ ನೋಡಿದ. ಏನೋ ತಪ್ಪಾಗೈತೆ ಅನ್ನೋದು ಅವನಿಗೂ ತಿಳೀತು. ತಪ್ಪಾದಾಗ ಬೈಬೇಕು, ಬೈದು ‘ಇನ್ನು ಮುಂದೆ ಹಿಂಗೆ ಮಾಡು’ ಅನ್ಬೇಕು. ಅವನು ಕಾದ. ಹಾಲು ಬಿಟ್ಟು ಜನ ಒಬ್ಬೊಬ್ಬರೇ ಹೊರಟರು. ದುಂಡಮ್ಮ ಅವನ ತಲೆ ಮೇಲೆ ಒಂದು ಗಳಿಗೆ ಕೈ ಇಟ್ಟು, ಅವಳೂ ಹೋದಳು.

ಕೊನೆಗೆ ಪುಟ್ಟಚನ್ನ ಒಬ್ಬನೇ ಉಳಿದ. ತೋಟದ ಈ ತುದಿಯಿಂದ ಆ ತುದಿವರೆಗೂ ಒಂದು ಸಲ ಕಣ್ಣಾಡಿಸಿದ. ಪಂಚೆ ಕೊಡವಿಕೊಂಡು ಎದ್ದ.

‘ನಡೆಯೋ, ನಮ್ಮನೇಲಿ ಹಿಟ್ಟು ಐತೆ’ ಅಂದ.

‘ಹೂಂ ಚಿಕ್ಕಪ್ಪ’ ಅಂದು ಬೋರಲಿಂಗ ಎದ್ದು ಅವನ ಹಿಂದೆ ಹೊರಟ.